ದೋಹಾ–ಆಕ್ಲೆಂಡ್ ಚಕ್ಕುಬಂದಿ

ಸಂಜೆ ಐದರೊಳಗೆ ಒಂದು ಕಾಗದ ಹೋಗದಿದ್ದರೆ ಧನುಶ್ರೀಯ ನ್ಯೂಜಿಲೆಂಡ್ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಯಂತ್ರದಿಂದ ಕುರಿಯ ಉಣ್ಣೆ ಕತ್ತರಿಸುವ ಮೂರು ತಿಂಗಳ ತರಬೇತಿಗೆ ಅಜ್ಜಂಪುರದಿಂದ ಆಯ್ಕೆಯಾದವಳು ಅವಳೊಬ್ಬಳೇ. ಟಿಕೆಟ್ ಕಳಿಸಬೇಕಿದ್ದ ಅಲ್ಲಿನ ಕುರಿ ಫಾರ್ಮಿನವರು ಕೇಳಿದ್ದು ಇಷ್ಟೇ: ದೋಹಾದಿಂದ ಆಕ್ಲೆಂಡಿಗೆ ವಿಮಾನದ ದೂರ ಎಷ್ಟು, ಹೊತ್ತು ಎಷ್ಟು, ಕೆಳಗೆ ಊರಿನ ಕುರಿಗಾರರ ಸಂಘದ ಮೊಹರು.

ಮೊಹರು ಇದ್ದದ್ದು ಸಂಘದ ಕಾರ್ಯದರ್ಶಿ ಉಗ್ರಪ್ಪನ ಡ್ರಾಯರಿನಲ್ಲಿ. ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿದ್ದು ನಿವೃತ್ತನಾದ ಅವನು, ಸ್ಥಳ ಮಹಜರು ಆಗದ ಯಾವ ದೂರವನ್ನೂ ನಂಬಿದವನಲ್ಲ.

“ಹದಿನಾಲ್ಕು ಸಾವಿರದ ಐನೂರ ಮೂವತ್ತೈದು ಕಿಲೋಮೀಟರ್,” ಧನುಶ್ರೀ ಫೋನ್ ನೋಡಿ ಓದಿದಳು. “ಹೋಗಕ್ಕೆ ಹದಿನಾರು ಗಂಟೆ, ಬರಕ್ಕೆ ಹದಿನೇಳೂವರೆ ಸಾರ್.”

ಉಗ್ರಪ್ಪ ಪೆನ್ನು ಕೆಳಗಿಟ್ಟ. “ತರೀಕೆರೆಗೆ ಹೋದಷ್ಟೇ ಹೊತ್ತಲ್ವೇನಮ್ಮಾ ಬರಕ್ಕೂ? ಒಂದೇ ದಾರಿಗೆ ಎರಡು ಲೆಕ್ಕ ಬರೆದ್ರೆ ನಾಳೆ ನನ್ನ ಕುತ್ತಿಗೆಗೆ ಬತ್ತೈತೆ.”

ಸಾಕ್ಷಿ ಹೇಳಲೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಅವಳ ಅಜ್ಜಿ ಹುಲಿಯಮ್ಮ ರೇಗಿದಳು. “ಲೇ ಉಗ್ರಾ, ಸೈಕಲ್ ತುಳಿದಿಲ್ವೇನೋ ನೀನು? ಹೋಗೋವಾಗ ಗಾಳಿ ಬೆನ್ನಿಗೆ, ಬರೋವಾಗ ಮೂಗಿಗೆ ಕಣೋ.”

ಉಗ್ರಪ್ಪ ಅದನ್ನು ಹಾಗೇ ಬರೆದುಕೊಂಡ. ಆಮೇಲೆ ಚಕ್ಕುಬಂದಿಗೆ ಬಂದ. ನಾಲ್ಕು ದಿಕ್ಕಿಗೂ ಯಾರ ಆಸ್ತಿಯಿದೆ ಎಂದು ನಮೂದಿಸದೆ ಅವನ ಮಹಜರು ಮುಗಿಯುವುದಿಲ್ಲ. ಪೂರ್ವಕ್ಕೆ ಆಕ್ಲೆಂಡ್, ಪಶ್ಚಿಮಕ್ಕೆ ದೋಹಾ ಎಂದು ತಾನೇ ತುಂಬಿಕೊಂಡ.

“ಉತ್ತರಕ್ಕೆ?”

“ಮೋಡ.”

“ದಕ್ಷಿಣಕ್ಕೆ?”

“ಮೋಡ.”

“ಎರಡೂ ಒಂದೇ ಖಾತೇದಾ, ಭಾಗ ಆಗೈತಾ?”

“ಒಂದೇ ಖಾತೆ ಸಾರ್. ಮೇಲಕ್ಕೂ ಕೆಳಕ್ಕೂ ಬೇಡ್ವಾ?”

ಚುಚ್ಚಿ ಕೇಳಿದ್ದಕ್ಕೆ ಅವಳು ತಕ್ಷಣ ಪಶ್ಚಾತ್ತಾಪಪಟ್ಟಳು. ಉಗ್ರಪ್ಪ ಸ್ಕೇಲ್ ಹುಡುಕಿ ಇನ್ನೆರಡು ಕಾಲಂ ಎಳೆಯುವಷ್ಟರಲ್ಲಿ ನಾಲ್ಕೂವರೆಯಾಯಿತು.

ಎರಡನೇ ಸಾಕ್ಷಿ, ಪಕ್ಕದ ಮನೆಯ ಬೀರಪ್ಪ, ಸಹಿಗೆ ಒಪ್ಪಲಿಲ್ಲ. “ಕಾಣದೇ ಇರೋದಕ್ಕೆ ನಾನು ಸೈನ್ ಹಾಕಲ್ಲ ಕಣಮ್ಮ. ದೋಹಾ ಅತ್ಲಾಗಿರ್ಲಿ, ಆಕಾಶದಾಗೆ ದಾರಿ ಐತೆ ಅಂತಾನೇ ನಾನು ಕಂಡಿಲ್ಲ.”

ನಾಲ್ವರೂ ಸಂಘದ ಕಚೇರಿಯ ತಾರಸಿ ಹತ್ತಿದರು. ನಾಲ್ಕೂ ಮುಕ್ಕಾಲಿಗೆ ಬಹಳ ಎತ್ತರದಲ್ಲಿ ಒಂದು ವಿಮಾನ ಹೋಯಿತು. ಹಿಂದೆ ಬಿಳಿ ಗೆರೆ. ಬೀರಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. “ಗೆರೆ ಎಳ್ಕಂಡು ಹೋಗ್ತೈತೆ. ಸರ್ವೆಯವ್ರದ್ದೇ ಇರ್ಬೇಕು,” ಎಂದವನೇ ಸಹಿ ಹಾಕಿದ.

ಉಗ್ರಪ್ಪ ಮುಖ ಮೇಲೆತ್ತಿದ. “ಈ ದಾರಿ ಬಗ್ಗೆ ಯಾರಿಗಾದ್ರೂ ತಕರಾರು ಐತಾ?” ಎಂದು ಮೂರು ಸಲ ಕೂಗಿದ. ಮೂರನೇ ಸಲಕ್ಕೆ ಕಾಗೆಯೊಂದು ಓಗೊಟ್ಟಿತು. ಧನುಶ್ರೀ ಉಗ್ರಪ್ಪನ ಕೈಯಲ್ಲಿದ್ದ ಮೊಹರಿನತ್ತ ನೋಡಿದಳು.

“ಬರವಣಿಗೇಲಿ ಕೊಟ್ಟಿಲ್ಲ,” ಎಂದು ಉಗ್ರಪ್ಪ ಮೊಹರು ಒತ್ತಿದ.

ನಾಲ್ಕು ಐವತ್ತೇಳಕ್ಕೆ ಅವಳು ಫೋಟೊ ತೆಗೆದು ಕಳಿಸಿದಳು.

ಮರುದಿನ ಬೆಳಿಗ್ಗೆ ಟಿಕೆಟ್ ಬಂತು. ಕೆಳಗೆ ಒಂದೇ ಸಾಲಿನ ಪ್ರಶ್ನೆ: ಉತ್ತರದ ಮೋಡ ಸರಿದರೆ ಗಡಿ ಯಾವುದು?

ಧನುಶ್ರೀ ಓದಿ ಹೇಳಿದಾಗ ಉಗ್ರಪ್ಪನ ಮುಖ ಅರಳಿತು. “ನೋಡಿದ್ಯಾ? ಅಲ್ಲೂ ಕೆಲಸ ಗೊತ್ತಿರೋರು ಅವ್ರೆ,” ಎಂದು ಹೊಸ ಹಾಳೆ ತೆಗೆದ.