ಮಳೆರಾಯ ಹೋಂಸ್ಟೇಗೆ ಹೋದದ್ದು

ಎರಡು ಸಾವಿರದ ಒಂಬತ್ತರ ಜೂನ್ ಮುಗಿಯುತ್ತ ಬಂದರೂ ವನಗೂರಿನ ಮೇಲಿನ ನಮ್ಮ ಗುಡ್ಡಗಳಿಗೆ ಮಳೆ ಬರಲಿಲ್ಲ. ಕೊಡೆ ರಿಪೇರಿ ಮಾಡಿಸಿಟ್ಟವರೆಲ್ಲ ಅದನ್ನು ಬಿಸಿಲಿಗೆ ಹಿಡಿದು ಓಡಾಡುತ್ತಿದ್ದರು. ಗದ್ದೆಗೆ ಉಳಿದದ್ದು ಹಳ್ಳದ ನೀರೊಂದೇ. ಆ ಹಳ್ಳದ ತಲೆಗೇ ರಾಜಶೇಖರ್ ಪೈಪ್ ಹಾಕಿದ್ದ.

ರಾಜಶೇಖರ್ ಸಕಲೇಶಪುರ ಪೇಟೆಯವನು. ಗುಡ್ಡದ ಮೇಲೆ, ಹಳ್ಳದ ತಲೆಗಿಂತ ತುಸು ಕೆಳಗೆ, ಹೋಂಸ್ಟೇ ಕಟ್ಟಿಸಿದ್ದ. ಶನಿವಾರ ಬಂತೆಂದರೆ ಜೀಪುಗಳು ಒಂದರ ಬಾಲ ಒಂದು ಹಿಡಿದು ಹತ್ತುತ್ತಿದ್ದವು. ದನ ಮೇಯುವ ಹುಲ್ಲುಗುಡ್ಡವೆಲ್ಲ ಚಕ್ರದ ಗೀರು. ಮೇಲಿಂದ ಎಸೆದ ಬಾಟಲಿ ಗದ್ದೆಯಲ್ಲಿ ಒಡೆದು, ನಮ್ಮೂರ ಗಂಗಾಮಣಿಯ ಗಂಡ ಲಕ್ಕಪ್ಪ ಪಾದ ಸೀಳಿಸಿಕೊಂಡು ಹದಿನೈದು ದಿನ ಕುಂಟಿದ್ದ. ಇದೆಲ್ಲ ಸಾಲದೆಂಬಂತೆ ಆ ವರ್ಷ 'ರೈನ್ ಡ್ಯಾನ್ಸ್' ಬಂತು. ಹಳ್ಳದಿಂದ ತುಂಬಿಸಿದ ಟ್ಯಾಂಕಿನ ನೀರನ್ನು ಮೋಟಾರಿನಲ್ಲಿ ಎತ್ತಿ, ತೂತು ಹೊಡೆದ ಪೈಪಿನಿಂದ ಮಳೆಯ ಹಾಗೆ ಸುರಿಸುವುದು. ಕೆಳಗೆ ನಿಂತು ಪೇಟೆಯವರು ಕುಣಿಯುವುದು.

ಕುಣಿತದ ಸದ್ದು ಗಂಗಾಮಣಿಯ ಸಸಿಮಡಿಯವರೆಗೂ ಕೇಳುತ್ತಿತ್ತು. ನಾಟಿಗೆಂದು ಬೆಳೆಸಿದ ಬತ್ತದ ಸಸಿ ಅಲ್ಲಿ ತುದಿಯಿಂದ ಹಳದಿಯಾಗಿ ಒಣಗುತ್ತಿತ್ತು. ಅದು ಹೋದರೆ ವರ್ಷದ ಅನ್ನ ಹೋದಂತೆ. ಅವಳು ಗುಡ್ಡ ಹತ್ತಿ ಹೋಗಿ ಹಳ್ಳದ ನೀರು ಬಿಡು ಎಂದು ಕೇಳಿದಳು.

"ಅಕ್ಕಾ, ಪೆಸಿಫಿಕ್ ಸಾಗರ ಬಿಸಿಯಾಗಿದೆ," ಅಂದ ರಾಜಶೇಖರ್, ಮಗುವಿಗೆ ಪಾಠ ಹೇಳುವ ಹಾಗೆ. "ಅಲ್ಲಿ ಬಿಸಿಯಾದ್ರೆ ಇಲ್ಲಿ ಮಳೆ ಕೈ ಕೊಡುತ್ತೆ. ಕೆಲವು ವರ್ಷಕ್ಕೊಂದು ಸಲ ಹೀಗೆ ಆಗ್ತಾನೇ ಇರುತ್ತಂತೆ. ನನ್ನ ಪೈಪ್ ಮೇಲೆ ಯಾಕೆ ಸಿಟ್ಟು?"

"ಇರ್ಬೋದು ಕಣಪ್ಪ. ಮಳೆ ಕದ್ದಿದ್ದು ಸಮುದ್ರ, ಹಳ್ಳ ಕದ್ದಿದ್ದು ನೀನು. ಸಮುದ್ರದ ಮನೆ ನಂಗೊತ್ತಿಲ್ಲ. ನಿನ್ನ ಮನೆ ಗೊತ್ತೈತೆ."

ಅವನು ನಕ್ಕುಬಿಟ್ಟ.

ಮಳೆ ಹಿಂದೆ ಬಿದ್ದ ವರ್ಷ ನಮ್ಮೂರಲ್ಲಿ ಮಳೆರಾಯನನ್ನು ಹೊರುತ್ತೇವೆ. ಮಣ್ಣಿನ ಗೊಂಬೆಯನ್ನು ಹಲಗೆಯ ಮೇಲಿಟ್ಟು ಮನೆಮನೆಗೆ ಹೋಗುವುದು, ಆ ಮನೆಯವರು ಮೇಲಿಂದ ನೀರು ಹೊಯ್ಯುವುದು. ಯಾರ ಗದ್ದೆ ಮೊದಲು ಒಣಗಿತೋ ಅವರೇ ಹೊರಬೇಕು. ಹೊತ್ತವರು 'ಸಾಕು' ಅನ್ನುವವರೆಗೆ ಮನೆಯವರು ಹೊಯ್ಯುವುದು ನಿಲ್ಲಿಸುವಂತಿಲ್ಲ. ಸಾಮಾನ್ಯವಾಗಿ ಒಂದು ಬಿಂದಿಗೆಗೇ ಸಾಕು ಅಂದುಬಿಡುತ್ತಾರೆ. ಮನೆಯವರ ಕಷ್ಟ ಯಾರಿಗೆ ಗೊತ್ತಿಲ್ಲ!

ಆ ಸಲ ಹೊತ್ತವಳು ಗಂಗಾಮಣಿ. ಮೆರವಣಿಗೆ ಕಂಡ ರಾಜಶೇಖರ್ ಜೀಪ್ ನಿಲ್ಲಿಸಿದ.

"ಶನಿವಾರ ಸಂಜೆ ನಮ್ಮಲ್ಲಿಗೂ ಬನ್ನಿ. ಗೆಸ್ಟ್‌ಗಳಿಗೆ ಒಂದು ಕಲ್ಚರಲ್ ಪ್ರೋಗ್ರಾಂ ಆಗುತ್ತೆ."

ಲಕ್ಕಪ್ಪ ಉಗಿಯಲು ಬಾಯಿ ತೆರೆದಿದ್ದ. ಗಂಗಾಮಣಿ ಅವನ ಕೈ ಚಿವುಟಿ, "ಬತ್ತೀವಿ ಬುಡಪ್ಪ, ದೇವ್ರಿಗೆ ಯಾವ ಮನೆ ಆದ್ರೇನು?" ಅಂದಳು.

ಅಂದೇ ಅವಳು ನಂಜಮ್ಮನ ಮನೆಗೆ ಹೋದಳು. ನಂಜಮ್ಮ ಹೋಂಸ್ಟೇಯಲ್ಲಿ ರೂಮು ಗುಡಿಸುವವಳು.

"ಕುಣಿಯೋ ನೀರೂ ಕಕ್ಕಸಿನ ನೀರೂ ಒಂದೇ ಟ್ಯಾಂಕೇನೇ?"

"ಒಂದೇ ಕಣಕ್ಕ. ಅಡುಗೆಗೂ ಅದೇಯ. ಯಾಕೆ?"

"ಸುಮ್ನೆ ಕೇಳ್ದೆ."

ಶನಿವಾರ ರೂಮುಗಳೆಲ್ಲ ಭರ್ತಿ. ನಾವು ತಮಟೆ ಬಡಿಯುತ್ತ ಹೋದೆವು. ಲಕ್ಕಪ್ಪ ಮಾತ್ರ ಬರಲಿಲ್ಲ, ಮಚ್ಚು ಹಿಡಿದು ಹಳ್ಳದ ಕಡೆ ಹೋದ. ಗಂಗಾಮಣಿ ಹಲಗೆ ಹೊತ್ತು ನೆಟ್ಟಗೆ ರೈನ್ ಡ್ಯಾನ್ಸ್ ಪೈಪಿನ ಕೆಳಗೆ ನಿಂತಳು.

"ಹೊಯ್ಯಪ್ಪ," ಅಂದಳು.

ರಾಜಶೇಖರ್ ಮೋಟಾರ್ ಹಾಕಿದ. ಗೆಸ್ಟ್‌ಗಳು ಕೇಕೆ ಹಾಕಿದರು, ಫೋಟೋ ತೆಗೆದರು, ತಾವೂ ಬಂದು ಕುಣಿದರು. 'ಸಾಕು' ಅನ್ನುವ ಕಟ್ಟಳೆಯನ್ನು ನಮ್ಮವರೊಬ್ಬರು ಅವರಿಗೆ ವಿವರಿಸಿದ್ದೇ ತಡ, ಅವರಿಗೆ ಅದೇ ಒಂದು ಆಟವಾಯಿತು. ಮಣ್ಣಿನ ಗೊಂಬೆ ಕರಗಿ ಗಂಗಾಮಣಿಯ ಕೆನ್ನೆ, ಕತ್ತು, ಸೀರೆಯ ಮೇಲೆಲ್ಲ ಕೆಂಪಗೆ ಇಳಿಯಿತು, ಸುತ್ತ ಕುಣಿಯುವವರ ಮೈಗೂ ಸಿಡಿಯಿತು. ಅವಳು ಕಣ್ಣು ಮಿಟುಕಿಸಲಿಲ್ಲ.

"ಸಾಕಲ್ವಾ ಅಕ್ಕಾ?" ರಾಜಶೇಖರ್ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಇನ್ನೂ ನೆನೆದಿಲ್ಲ ಕಣಪ್ಪ."

ಅವನು ಸ್ವಿಚ್ಚಿನ ಕಡೆ ಹೋದ. "ನೋ ಚೀಟಿಂಗ್!" ಎಂದು ಗೆಸ್ಟ್‌ಗಳೇ ಅಡ್ಡ ನಿಂತರು. ಅವನೂ ನಗಬೇಕಾಯಿತು. ಹಳ್ಳದಿಂದ ನೀರು ಬಂದು ತುಂಬುತ್ತಲೇ ಇರುತ್ತದೆ ಅನ್ನುವ ಧೈರ್ಯ ಬೇರೆ. ಆದರೆ ಅಷ್ಟು ಹೊತ್ತಿಗೆ ಲಕ್ಕಪ್ಪ ಪೈಪನ್ನು ಬುಡಸಮೇತ ಕಿತ್ತು ಎಳೆದುಕೊಂಡು ಹೋಗಿಯಾಗಿತ್ತು. ಮೇಲಿನ ಮಳೆ ದಾರವಾಯಿತು, ಹನಿಯಾಯಿತು, ನಿಂತಿತು. ಮೋಟಾರು ಒಂದಷ್ಟು ಹೊತ್ತು ಒಣಗಂಟಲಲ್ಲಿ ಕಿರುಚಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

"ಈಗ ಸಾಕು," ಅಂದು ಗಂಗಾಮಣಿ ಹಲಗೆ ಇಳಿಸಿದಳು.

ಮಿಕ್ಕಿದ್ದನ್ನು ಆ ರಾತ್ರಿ ನಂಜಮ್ಮ ಇಳಿದು ಬಂದು ಹೇಳಿದಳು, ಸೆರಗು ಬಾಯಿಗಿಟ್ಟುಕೊಂಡು. "ಅಯ್ಯೋ, ಮೈಯೆಲ್ಲಾ ಕೆಂಪು ಮಣ್ಣು, ತೊಳ್ಯಕ್ಕೆ ನೀರಿಲ್ಲ! ಕಕ್ಕಸಿನ ಬಾಗ್ಲಲ್ಲಿ ಸಾಲುಗಟ್ಟವ್ರೆ. ಒಬ್ಬ ಸೋಡಾ ಬಾಟ್ಲಿ ಹಿಡ್ಕಂಡು ಒಳಗೋದ ಕಣ್ರೀ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಗಂಗಾಮಣಿ ನಗಲಿಲ್ಲ. "ಮಕ್ಳು ಇದ್ರೆ ಎರಡು ಬಿಂದಿಗೆ ತಗಂಡೋಗು. ದೊಡ್ಡೋರ್ಗೆ ಒಂದು ತೊಟ್ಟೂ ಕೊಡಬ್ಯಾಡ," ಅಂದಳು.

ಭಾನುವಾರ ಬೆಳಿಗ್ಗೆ ಜೀಪುಗಳು ಬೈಗುಳದ ಸಮೇತ ಗುಡ್ಡ ಇಳಿದವು. ಅವುಗಳ ಹಿಂದೆಯೇ ರಾಜಶೇಖರ್ ನಡೆದುಕೊಂಡು ಬಂದ. ಹಳ್ಳದ ನೀರು ಆಗಲೇ ಸಸಿಮಡಿ ತುಂಬಿ ಬದುವಿಗೆ ತಾಗುತ್ತಿತ್ತು. ಗಂಗಾಮಣಿ ಬದುವಿನ ಮೇಲೆ ಕೂತು ಅವನ ಪೈಪನ್ನು ಕಬ್ಬಿನ ಜಲ್ಲೆಯ ಹಾಗೆ ತುಂಡು ತುಂಡು ಕತ್ತರಿಸುತ್ತಿದ್ದಳು.

"ಪೊಲೀಸ್‌ಗೆ ಹೇಳ್ತೀನಿ."

"ಹೇಳು. ಹಳ್ಳ ಯಾರ್ದು ಅಂತ ಅವರೂ ಕೇಳ್ಲಿ."

ಅವನ ದನಿ ಇಳಿಯಿತು. "ನಾಟಿ ಮುಗಿಯೋವರೆಗೂ ಹಳ್ಳ ಮುಟ್ಟಲ್ಲ ಅಕ್ಕಾ. ಪೈಪ್ ಬಿಟ್ಟುಬಿಡಿ."

"ಸಾಕು ಬುಡೇ, ಒಪ್ಕಂಡ್ನಲ್ಲ," ಅಂದ ಲಕ್ಕಪ್ಪ.

"ಒಪ್ಕಂಡಿದ್ದು ಬಾಯಿ ಕಣ್ರೀ. ಪೈಪ್ ಹಾಕಿದ ಕೈ ಇನ್ನೂ ಹಂಗೇ ಐತಲ್ಲ."

ಅವಳು ಎದ್ದು ಮಡಿಗಿಳಿದಳು. ಸಸಿಯಲ್ಲಿ ಒಂದು ಪಾಲು ಚೇತರಿಸಿಕೊಳ್ಳುವಂತಿತ್ತು. ಇನ್ನೊಂದು ಪಾಲು ಸುಟ್ಟೇ ಹೋಗಿತ್ತು. ನೀರು ಬಂದರೂ ಅದಕ್ಕಿನ್ನು ಗೊತ್ತಾಗುವುದಿಲ್ಲ. ಆ ಕಡೆಯಿಂದ ಒಂದು ಹಿಡಿ ಸಸಿ ಕಿತ್ತು, ಬೇರಿನ ಕೆಸರಿನ ಸಮೇತ ತಂದು ರಾಜಶೇಖರನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

"ತಗಂಡೋಗು. ಮುಂದಿನ ಶನಿವಾರ ಬರೋರ್ಗೆ ತೋರ್ಸು. ಇದ್ರ ಮೇಲೇ ಕುಣುದ್ರಿ ಅಂತ ಹೇಳು."

ನಮ್ಮ ಕಣ್ಣೆದುರು ಅದನ್ನು ಎಸೆಯುವ ಧೈರ್ಯ ಅವನಿಗೆ ಬರಲಿಲ್ಲ. ಹಿಡಿದುಕೊಂಡೇ ಗುಡ್ಡ ಹತ್ತಿದ. ಗಂಗಾಮಣಿ ಮಚ್ಚು ಎತ್ತಿಕೊಂಡು ಉಳಿದ ಪೈಪಿನ ಮುಂದೆ ಕೂತಳು.