ರಾಗ ಇಳಿಸುವ ಹಂತ

ಹಾಡಿನ ಮೇಡಂಗೆ ಆಸ್ಪತ್ರೆಯವರು ಕೊಟ್ಟಿದ್ದ ಕೋಣೆ ಮೊದಲು ಹಾಸಿಗೆ ಹೊದಿಕೆ ಇಡುವ ಉಗ್ರಾಣವಾಗಿತ್ತು. ಒಂದು ಮೇಜು, ಎರಡು ಕುರ್ಚಿ, ಒಂದು ಹಾರ್ಮೋನಿಯಂ, ಚರ್ಮ ಸಡಿಲವಾದ ಒಂದು ಪುಟ್ಟ ಡೋಲು. ಗೋಡೆಯಾಚೆ ವ್ಯಾಯಾಮದ ಕೋಣೆ. ಬಿದ್ದುಹೋದ ಕೈಕಾಲುಗಳನ್ನು ಎತ್ತಿಸುವವನು ಅಲ್ಲಿ "ಇನ್ನೊಂದು ಸಲ, ಇನ್ನೊಂದೇ ಸಲ" ಎಂದು ಕೂಗುವುದು, ರೋಗಿಗಳು "ಸತ್ತೆನಪ್ಪೋ" ಎನ್ನುವುದು ಎಲ್ಲವೂ ಇಲ್ಲಿಗೆ ಕೇಳುತ್ತಿತ್ತು. ಇಲ್ಲಿಯ ಹಾಡು ಅಲ್ಲಿಗೂ ಹೋಗುತ್ತಿತ್ತು. "ನಿಮ್ಮ ದೆಸೆಯಿಂದ ನನ್ನ ರೋಗಿಗಳು ಕಾಲು ಎತ್ತೋದು ಬಿಟ್ಟು ತಲೆ ಆಡಿಸ್ತಾರೆ" ಎಂದು ವ್ಯಾಯಾಮದವನು ಆಗಾಗ ದೂರುತ್ತಿದ್ದ.

ಹೊರಗಿನವರು ಇದನ್ನು ಸುಖದ ನೌಕರಿ ಎಂದುಕೊಂಡಿದ್ದರು. ರೋಗಿಯ ಮುಂದೆ ಕೂತು ಎರಡು ಹಾಡು ಹೇಳಿ ಮನೆಗೆ ಹೋಗುವುದು, ಅಷ್ಟೇ ತಾನೆ? ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಏಳು ಜನ. ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುವ ಮುದುಕನಿಗೆ ಡೋಲು ಬಡಿದು ಬಡಿದು ಹೆಜ್ಜೆ ಎತ್ತಿಸಬೇಕು. ಮಗುವನ್ನು ಕಳೆದುಕೊಂಡು ಬಾಯಿ ಮುಚ್ಚಿದ ಹೆಂಗಸಿನ ಪಕ್ಕ ಮುಕ್ಕಾಲು ಗಂಟೆ ಒಂದೇ ಸ್ವರ ಹಿಡಿದು ಕೂರಬೇಕು. ಅವಳು ಒಮ್ಮೆ ಗಟ್ಟಿಯಾಗಿ ಉಸಿರು ಬಿಟ್ಟರೆ ಅದೇ ಅವತ್ತಿನ ಫಲ. ಸಂಜೆಗೆ ಗಂಟಲು ಕೆಂಡವಾಗಿರುತ್ತಿತ್ತು. ಮನೆಯಲ್ಲಿ ಮರೆತು ಗುನುಗಿದರೆ ಗಂಡ "ಇಲ್ಲೂ ಡ್ಯೂಟಿನಾ?" ಅನ್ನುತ್ತಿದ್ದ.

ಎಲ್ಲರಿಗಿಂತ ಕಷ್ಟದವರು ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು. ಅವರಿಗೆ ಎಲ್ಲ ತಿಳಿಯುತ್ತದೆ, ಮಾತು ಮಾತ್ರ ನಾಲಿಗೆಗೆ ಬರುವುದಿಲ್ಲ. ಆದರೆ ವಿಚಿತ್ರ ನೋಡಿ, ಮಾತು ಹೋದವನಿಗೆ ಹಾಡು ಹೋಗಿರುವುದಿಲ್ಲ. ತಲೆಯೊಳಗೆ ಅದರ ಬಿಡಾರವೇ ಬೇರೆ. ಆ ಬಾಗಿಲಿನಿಂದ ಮಾತನ್ನು ಹೊರಗೆ ತರುವುದು ಮೇಡಂ ಕೆಲಸ. ರೋಗಿಯ ಎಡಗೈ ಹಿಡಿದು, ಅಕ್ಷರಕ್ಕೊಂದು ಸಲ ಮೇಜಿಗೆ ತಟ್ಟಿಸುತ್ತ, ಮೇಲಿನದೊಂದು ಕೆಳಗಿನದೊಂದು ಎರಡೇ ಸ್ವರದಲ್ಲಿ ದಿನಬಳಕೆಯ ಮಾತನ್ನು ಹಾಡಬೇಕು. ಮೊದಲು ಇಬ್ಬರೂ ಒಟ್ಟಿಗೆ. ಆಮೇಲೆ ಮೇಡಂ ಅರ್ಧಕ್ಕೆ ನಿಲ್ಲಿಸಿ, ರೋಗಿ ಮುಗಿಸಬೇಕು. ಆಮೇಲೆ ಅವನೊಬ್ಬನೇ. ಕಟ್ಟಕಡೆಗೆ ರಾಗವನ್ನು ಚೂರುಚೂರೇ ಇಳಿಸುತ್ತ ಬಂದು ಬರೀ ಮಾತಾಗಿಸಬೇಕು. ಈ ಕೊನೆಯ ಹಂತ ಇಬ್ಬರಿಗೂ ಹಿಂಸೆ. ರಾಗ ಇಳಿಸಿದ ಕೂಡಲೇ ಅಷ್ಟು ದಿನ ಚೆಂದ ಬರುತ್ತಿದ್ದ ಮಾತು ಪುಡಿಪುಡಿಯಾಗುತ್ತದೆ. ತಿಂಗಳುಗಟ್ಟಲೆ ಹೆಕ್ಕಿ ಜೋಡಿಸಬೇಕು.

ಮೇಸ್ತ್ರಿ ಬಂದದ್ದು ಎಂಟು ತಿಂಗಳ ಹಿಂದೆ. ನಲವತ್ತು ವರ್ಷ ಮನೆ ಕಟ್ಟಿಸುತ್ತ, ಗಾರೆಯವರ ಮೇಲೆ ದನಿ ಎತ್ತಿ ಬದುಕಿದ ಮನುಷ್ಯ. ಮೂರನೇ ಮಹಡಿಯಿಂದ ಅವನು ಕೂಗಿದರೆ ಕೆಳಗೆ ಮರಳು ಜರಡಿ ಹಿಡಿಯುವವಳು ಸೆಟೆದು ನಿಲ್ಲುತ್ತಿದ್ದಳಂತೆ. ಈಗ ಬಲಗೈ ಜೋತುಬಿದ್ದಿತ್ತು. ಬಾಯಿಂದ "ತ, ತ" ಬಿಟ್ಟರೆ ಬೈಗುಳ ಮಾತ್ರ ಬರುತ್ತಿತ್ತು. ಬೈಗುಳವೂ ಹಾಡಿನ ಹಾಗೆ ತಾನಾಗಿ ಉಳಿದುಕೊಳ್ಳುವ ಸರಕು, ಅದನ್ನು ಮಾತು ಎಂದು ಹಿಡಿಯುವುದಿಲ್ಲ. ಮೊದಲ ದಿನವೇ ವ್ಯಾಯಾಮದವನ ಹಿಂದುಮುಂದಿನ ತಲೆಮಾರನ್ನೆಲ್ಲ ಸೇರಿಸಿ ಬೈದಿದ್ದ. "ಮಾತು ಬರಲ್ಲ ಅಂದ್ರಲ್ಲ ಮೇಡಂ, ಹಾಗಾದ್ರೆ ಇದೇನು ಮತ್ತೆ?" ಎಂದು ಅವನು ಕಿವಿ ಕೆಂಪು ಮಾಡಿಕೊಂಡು ಬಂದಿದ್ದ.

ನಾಲ್ಕು ತಿಂಗಳಿಗೆ ಮೇಸ್ತ್ರಿ "ನೀರು ಬೇಕು" ಎಂದು ಹಾಡಿದ. ಆಮೇಲೆ ತಡವಾಗಲಿಲ್ಲ, ವಾರಕ್ಕೆ ಹತ್ತು ವಾಕ್ಯ ಕಲಿತ. ತಿಂಗಳು ಕಳೆಯುವಷ್ಟರಲ್ಲಿ ನಲವತ್ತು. ಕಂಠವೋ, ತುಂಬಿದ ಕಂಠ. ತನ್ನೊಳಗೆ ಅಂಥದ್ದೊಂದು ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ದೊಡ್ಡ ಡಾಕ್ಟರು ಆಸ್ಪತ್ರೆ ನೋಡಲು ಬಂದವರನ್ನೆಲ್ಲ ಉಗ್ರಾಣಕ್ಕೇ ಕರೆತರತೊಡಗಿದರು. "ಇವರು ನಮ್ಮ ಹಾಡುವ ಮೇಸ್ತ್ರಿ. ಒಂದು ಮಾತೂ ಬರ್ತಿರಲಿಲ್ಲ, ಈಗ ಕೇಳಿ." ಮೇಸ್ತ್ರಿ ಹಾಡುತ್ತಿದ್ದ. ಬಂದವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಅವನು ಅರ್ಧ ಮುಖದಲ್ಲಿ ನಗುತ್ತಿದ್ದ. ಮೇಡಂ ಪೂರ್ತಿ ಮುಖದಲ್ಲಿ.

ಒಂದು ದಿನ ಅವನು ಬರಲಿಲ್ಲ. ಮರುದಿನವೂ ಇಲ್ಲ. ಹದಿಮೂರನೆಯ ದಿನ ಹೆಂಡತಿ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನ್ ಕಲ್ಸಿದೀರಿ ಮೇಡಂ ನಮ್ಮನೆಯವರಿಗೆ?"

"ಯಾಕಮ್ಮಾ? ಮೇಸ್ತ್ರಿ ಹುಷಾರಾಗಿದಾರೆ ತಾನೆ?"

"ಹುಷಾರು! ಬಾಯಿಗೆ ಬೀಗ ಹಾಕ್ಕೊಂಡು ಗೋಡೆ ನೋಡ್ತಾ ಕೂತಿದಾರೆ. ಊಟಕ್ಕೂ ಕೈಸನ್ನೆ, ನೀರಿಗೂ ಕೈಸನ್ನೆ."

ಆದದ್ದು ಇಷ್ಟು. ಮೇಸ್ತ್ರಿ ಬಿದ್ದ ಮೇಲೆ ಕೆಲಸ ನೋಡಿಕೊಳ್ಳುತ್ತಿದ್ದವನು ಹೆಂಡತಿಯ ತಮ್ಮ. ಮೈ ಸ್ವಲ್ಪ ಹಗುರಾದ ಮೇಲೆ ಮೇಸ್ತ್ರಿ ಹಟ ಹಿಡಿದು ಹೆಂಡತಿಯ ಜೊತೆ ಕಟ್ಟಡಕ್ಕೆ ಹೋದ. ಅಲ್ಲಿ ಇಟ್ಟಿಗೆ ನೆನೆಸದೆ ಹಾಗೇ ಗೋಡೆ ಕಟ್ಟುತ್ತಿದ್ದರು. ಕಂಡದ್ದೇ ತಡ ಅವನ ಮೈಯೆಲ್ಲ ಉರಿಯಿತು. ಕೋಲು ಕುಟ್ಟಿ ಬಾಯಿ ತೆರೆದ.

"ಹಾಡಿದ್ರು ಮೇಡಂ. ನೀವು ಕಲ್ಸಿದ ಹಾಗೇನೇ. ಇಟ್ಟಿಗೇ… ನೆನೆಸೀ… ಅಂತ. ಮೂವತ್ತು ಜನ ಆಳು. ಮೊದ್ಲು ಯಾರೂ ನಗ್ಲಿಲ್ಲ. ನನ್ನ ತಮ್ಮ ಒಬ್ಬ ಇದಾನಲ್ಲ, ಬಾಯಿಬಡುಕ, ಅದೇ ರಾಗದಲ್ಲಿ ನೆನೆಸ್ತೀವೀ… ಭಾವಾ… ಅಂದುಬಿಟ್ಟ. ಕೆಟ್ಟದ್ದಕ್ಕೆ ಅನ್ಲಿಲ್ಲ, ಅವನ ಹುಟ್ಟುಗುಣ ಅದು. ಅಷ್ಟೇ ಸಾಕಾಯ್ತು. ಗಾರೆ ಹೊರೋ ಹೆಂಗಸ್ರು ಬಾಂಡ್ಲಿ ಕೆಳಗಿಟ್ಟು ನಕ್ಕರು. ಇವರಿಗೆ ಸಿಟ್ಟು ನೆತ್ತಿಗೇರಿ ಬೈದ್ರು. ಬೈಗುಳ ಮಾತ್ರ ಹಾಡಿಲ್ಲದೆ ನೆಟ್ಟಗೆ ಬಂತು ನೋಡಿ, ಅದಕ್ಕೆ ಇನ್ನೂ ನಕ್ಕರು."

ಮೇಡಂಗೆ ಉರಿ ಹತ್ತಿತು. "ಅದಕ್ಕೆ ನನ್ನೇನು ಮಾಡು ಅಂತೀಯಮ್ಮಾ? ನಗೋರ ಬಾಯಿಗೆ ಹೋಗಿ ಬಟ್ಟೆ ತುರುಕಲಾ?"

"ನಗೋರ ಸುದ್ದಿ ಬಿಡಿ. ನೀವೇ ಮೊದಲ ದಿನ ಹೇಳಿದ್ರಿ, ಕೊನೆಗೆ ರಾಗ ತೆಗೆದುಬಿಡ್ತೀನಿ ಅಂತ. ನಮ್ಮನೆಯವರು ತಾರಸಿಗೆ ಮೋಲ್ಡ್ ಹಾಕಿದ್ರೆ ದಿನ ಎಣಿಸಿ, ಗಟ್ಟಿಯಾದ ಮೇಲೆ ಕೆಳಗಿನ ಆಸರೆ ಮರ ಬಿಚ್ಚಿಸ್ತಿದ್ರು. ಬಿಚ್ಚದೇ ಬಿಟ್ರೆ ಆ ಮನೇಲಿ ಯಾರು ಇರ್ತಾರೆ? ನೀವ್ಯಾಕೆ ಬಿಚ್ಚಲಿಲ್ಲ?"

ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟುಹೋದಳು.

ಮಧ್ಯಾಹ್ನ ಮೇಡಂ ಮೇಸ್ತ್ರಿಯ ಫೈಲು ತೆಗೆದಳು. ಪ್ರತಿ ಶನಿವಾರ ಅವಳು ಒಂದು ಹಾಳೆ ಬರೆಯಬೇಕು. ಕೆಳಗಿನ ಸಾಲಿನಲ್ಲಿ ಅವಳದೇ ದುಂಡು ಅಕ್ಷರ: "ರಾಗ ಇಳಿಸುವ ಹಂತ: ಮುಂದಿನ ವಾರ." ಹಾಳೆ ಮಗುಚಿದಳು. ಮುಂದಿನ ವಾರ. ಮತ್ತೆ ಮಗುಚಿದಳು. ಹನ್ನೊಂದು ಶನಿವಾರ ಅವಳು ಅದೇ ಬರೆದಿದ್ದಳು.

ಪ್ರಯತ್ನವೇ ಮಾಡಿರಲಿಲ್ಲವೆಂದಲ್ಲ. ಮೂರು ಸಲ ರಾಗ ಇಳಿಸಿ ನೋಡಿದ್ದಳು. ಮೂರು ಸಲವೂ ಮಾತು ಮುರಿದು ಮೇಸ್ತ್ರಿಯ ಕಣ್ಣಲ್ಲಿ ನೀರು ಬಂದಿತ್ತು. ಪಾಪ ಎಂದುಕೊಂಡು ಮತ್ತೆ ರಾಗಕ್ಕೆ ಏರಿಸಿದ್ದಳು. ಪಾಪವೇ? ಅವಳು ತನ್ನನ್ನೇ ಕೇಳಿಕೊಂಡಳು. ಮೂರನೆಯ ಸಲ ಇಳಿಸಿದ್ದು ಮಂಗಳವಾರ. ಬುಧವಾರ ದೊಡ್ಡ ಡಾಕ್ಟರ ಜೊತೆ ಹನ್ನೆರಡು ಜನ ಬರುವವರಿದ್ದರು. ಹನ್ನೆರಡು ಜನರ ಮುಂದೆ ಮೇಸ್ತ್ರಿ ತೊದಲಿದರೆ ಯಾರ ಮುಖ ಹೋಗುತ್ತಿತ್ತು? ಹರೆಯದಲ್ಲಿ ಅವಳೂ ವೇದಿಕೆ ಹತ್ತಿದವಳೇ. ಎರಡನೇ ಹಾಡಿಗೆ ಮುಂದಿನ ಸಾಲಿನವರು ಎದ್ದು ಹೋಗುತ್ತಿದ್ದರು. ಈ ಉಗ್ರಾಣದಲ್ಲಿ ಮಾತ್ರ ಯಾರೂ ಎದ್ದು ಹೋಗಿರಲಿಲ್ಲ. ರೋಗಿಯ ಬಾಯಿಂದ ಅವಳು ತಾನೇ ಹಾಡುತ್ತಿದ್ದಳು. ಇದನ್ನು ಇನ್ನೊಬ್ಬರು ಹೇಳಿದ್ದರೆ ಅವರ ಕೆನ್ನೆಗೆ ಬಾರಿಸುತ್ತಿದ್ದಳು.

ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದ ಗಂಡನಿಗೆ ಎಲ್ಲ ಹೇಳಿದಳು. "ತಪ್ಪು ನಂದೇ ಕಣ್ರೀ."

"ಗೊತ್ತಾಯ್ತಲ್ಲ. ಹೋಗಿ ಹೇಳು."

"ಹೇಗೆ ಹೇಳ್ಲಿ?"

"ಬಾಯಲ್ಲಿ" ಎಂದ ಗಂಡ. ಕೈಯಲ್ಲಿದ್ದ ಅಂಗಿಯ ತೋಳು ಒಳಗಡೆಯೇ ಉಳಿದಿತ್ತು, ಅದನ್ನು ಎಳೆದು ಸರಿಮಾಡಿದ. "ನೀನು ಕಂಡೋರಿಗೆಲ್ಲ ಬೈತೀಯ. ಬೈಸಿಕೊಳ್ಳೋದು ಅದಕ್ಕಿಂತ ಸುಲಭ. ಸುಮ್ನೆ ನಿಂತಿದ್ರೆ ಆಯ್ತು."

ಮರುದಿನ ಡ್ಯೂಟಿ ಮುಗಿಸಿ ಅವಳು ಮೇಸ್ತ್ರಿಯ ಮನೆಗೆ ಹೋದಳು. ಊರೆಲ್ಲ ಮನೆ ಕಟ್ಟಿದವನ ಮನೆ ಎರಡೇ ಕೋಣೆಯದು, ಇಟ್ಟಿಗೆ ಕಾಣುವ ಹೊರಗೋಡೆಗೆ ಇನ್ನೂ ಗಿಲಾವು ಇಲ್ಲ. ಮೇಸ್ತ್ರಿ ಮಂಚದ ಮೇಲೆ ಬೆನ್ನು ಹಾಕಿ ಕೂತಿದ್ದ. ಅವಳು ಬಾಯಿ ತೆರೆದಳು. "ಮೇ" ಮೇಲಿನ ಸ್ವರಕ್ಕೆ ಹೋಯಿತು, "ಸ್ತ್ರೀ" ಕೆಳಗಿಳಿಯಿತು. ಮೇಸ್ತ್ರಿಯ ಬೆನ್ನು ಕಲ್ಲಾಯಿತು. ಆಗ ಅವಳಿಗೆ ಹೊಳೆಯಿತು. ಎಂಟು ತಿಂಗಳಲ್ಲಿ ಒಂದು ದಿನವೂ ತಾನು ಈ ಮನುಷ್ಯನ ಜೊತೆ ನೆಟ್ಟಗೆ ಮಾತಾಡಿಲ್ಲ. ಬಂದಿರಾ ಎನ್ನುವುದು ಹಾಡು, ಹೋಗಿಬನ್ನಿ ಎನ್ನುವುದೂ ಹಾಡು. ಎಳೆಗೂಸನ್ನು ಆಡಿಸಿದ ಹಾಗೆ.

"ಮೇಸ್ತ್ರಿ" ಎಂದಳು. ಅದು ಅವಳ ಸ್ವಂತ ದನಿ, ಹೊಲದ ಬದುವಿನಲ್ಲಿ ಬೆಳೆದ ಒರಟು ದನಿ. "ನಾನು ನಿಮಗೆ ಅರ್ಧ ಕೆಲಸ ಮಾಡಿ ಬಿಟ್ಟಿದೀನಿ. ರಾಗ ತೆಗೀಬೇಕಿತ್ತು, ತೆಗೀಲಿಲ್ಲ. ಬಂದೋರು ನಿಮಗೆ ಚಪ್ಪಾಳೆ ತಟ್ಟಿದಾಗ ನನಗೇ ತಟ್ಟಿದಂಗಾಗ್ತಿತ್ತು. ಆ ಆಸೆಗೆ ಬಿಟ್ಟೆ. ಅದರ ಪೆಟ್ಟು ನಿಮಗೆ ಬಿತ್ತು."

ಮೇಸ್ತ್ರಿ ತಿರುಗಿ ನೋಡಿದ. ಇವಳು ಯಾರು ಎನ್ನುವ ಹಾಗೆ ಬಹಳ ಹೊತ್ತು ನೋಡಿದ. ಆಮೇಲೆ ಒಂದು ಬೈಗುಳ ಬೈದ, ಒಂದಕ್ಷರ ತಪ್ಪದೆ. ಹೆಂಡತಿ ಒಳಗಿನಿಂದ "ಅಯ್ಯೋ!" ಎಂದು ಓಡಿಬಂದಳು.

"ಬಯ್ಯಲಿ ಬಿಡಮ್ಮ. ನಾಳೆ ಇದೇ ಹೊತ್ತಿಗೆ ಬರ್ತೀನಿ."

ಐದು ದಿನ ಮೇಸ್ತ್ರಿ ಅವಳನ್ನು ಬೈದು ಕಳಿಸಿದ. ಆರನೆಯ ದಿನ ಬೈಯಲಿಲ್ಲ. ಎಡಗೈಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ.

ಆಮೇಲಿನ ಎರಡು ತಿಂಗಳು ಕೇಳುವಂಥದ್ದಲ್ಲ. ತಟ್ಟುವುದು ಮಾತ್ರ ಇತ್ತು, ರಾಗ ಇಲ್ಲ. ನಲವತ್ತು ವಾಕ್ಯಗಳಲ್ಲಿ ಒಂದೂ ಉಳಿಯಲಿಲ್ಲ. ಅವುಗಳ ಜಾಗದಲ್ಲಿ ಒಂಟಿ ಒಂಟಿ ಪದ ಬಂದವು. ಬಂಡೆಯನ್ನು ನೆಲದ ಮೇಲೆ ಎಳೆದ ಹಾಗೆ ಅದರ ಸದ್ದು. ಪ್ರತಿ ಸಲ ಅವನು ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡಾಗ ಮೇಡಂ ಗಂಟಲು ಕೆರೆಯುತ್ತಿತ್ತು. ಒಂದು ಸ್ವರ ಎತ್ತಿಕೊಟ್ಟರೆ ಸಾಕು, ಪದ ನೀರಿನ ಹಾಗೆ ಹರಿಯುತ್ತಿತ್ತು. ಅವಳು ತುಟಿ ಕಚ್ಚಿ ಕೂರುತ್ತಿದ್ದಳು. ನಡುವೆ ಒಮ್ಮೆ ದೊಡ್ಡ ಡಾಕ್ಟರು, "ಗುರುವಾರ ಮೇಲಿನೋರು ಬರ್ತಾರೆ, ಮೇಸ್ತ್ರೀನ ಕರೆಸಿ" ಎಂದರು.

"ಅವರು ಈಗ ಹಾಡಲ್ಲ ಸಾರ್."

"ಹಾಡಲ್ಲ ಅಂದ್ರೆ? ಕೆಟ್ಟುಹೋದ್ರಾ?"

"ಇಲ್ಲ. ನೆಟ್ಟಗಾಗ್ತಿದಾರೆ. ನೋಡೋಕೆ ಚೆನ್ನಾಗಿಲ್ಲ ಅಷ್ಟೆ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಆ ಗುರುವಾರದಿಂದ ಬಂದವರನ್ನು ವ್ಯಾಯಾಮದ ಕೋಣೆಗೆ ಕರೆದೊಯ್ಯುವುದು ಶುರುವಾಯಿತು.

ಒಂಬತ್ತನೆಯ ವಾರ ಮೇಸ್ತ್ರಿ ಕೋಲಿನಿಂದ ಬಾಗಿಲು ತೋರಿಸಿದ. ಕಟ್ಟಡಕ್ಕೆ. ಹೆಂಡತಿ ಬೇಡವೆಂದಳು, ಮೇಡಂ ಇನ್ನೂ ಒಂದು ತಿಂಗಳು ಎಂದಳು. ಅವನು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಇಬ್ಬರೂ ಅವನ ಹಿಂದೆಯೇ ಹೊರಟರು.

ಅವನು ಕಟ್ಟಡಕ್ಕೆ ಕಾಲಿಟ್ಟದ್ದೇ ಗಾರೆಯವರ ಕರಣೆಗಳ ಸದ್ದು ಕಡಿಮೆಯಾಯಿತು. ಬಾಮೈದ ಕೈಯೊರೆಸಿಕೊಂಡು ಬಂದು "ಬನ್ನಿ ಭಾವ" ಎಂದ, ಮುಖ ಎತ್ತದೆ. ಮೇಸ್ತ್ರಿ ಅವನನ್ನು ದಾಟಿ ನಡೆದು, ಹಿಂದಿನ ದಿನ ಎದ್ದಿದ್ದ ಗೋಡೆಯ ಮುಂದೆ ನಿಂತ. ಹೆಂಡತಿಯ ಕೈಗೆ ಕೋಲು ಕೊಟ್ಟು, ಗೋಡೆಯ ನೇರ ನೋಡಲು ದಾರಕ್ಕೆ ಕಟ್ಟಿದ ಗುಂಡನ್ನು ಎಡಗೈಯಲ್ಲಿ ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ಗೋಡೆ ಒಂದು ಬೆರಳು ವಾಲಿತ್ತು.

ಮೇಸ್ತ್ರಿ ಬಾಯಿ ತೆರೆದ. "ಒ" ಎಂದ. ಅಲ್ಲೇ ಸಿಕ್ಕಿಕೊಂಡ.

ಮೂವತ್ತು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿಯ ಕುತ್ತಿಗೆಯ ನರ ಉಬ್ಬಿತು, ದವಡೆ ನಡುಗಿತು. ಅವನು ಮೇಡಂ ಕಡೆ ನೋಡಿದ. ಏನು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತು. ಒಂದೇ ಸ್ವರ, ಯಾರಿಗೂ ಕೇಳದ ಹಾಗೆ ಮೂಗಿನಲ್ಲಿ ಅಂದರೂ ಸಾಕು. ಅವಳ ಹೊಟ್ಟೆಯೊಳಗಿಂದ ಅದು ಮೇಲೆ ಬಂತು. ಅವಳು ನೆಲ ನೋಡಿದಳು. ನುಂಗಿದಳು.

"…ಡಿ."

"ಏನಂದ್ರಿ ಭಾವ?"

"ಒಡಿ."

ಒರಟು, ಮೊಂಡು ಮಾತು, ಎಲ್ಲ ಒಂದೇ ಮಟ್ಟದಲ್ಲಿ. ಯಾರೂ ನಗಲಿಲ್ಲ. ಬಾಮೈದನ ಮುಖ ಕೆಂಪಾಯಿತು.

"ಒಡಿಯೋದಾ! ನಾಲ್ಕು ಜನರ ಇಡೀ ದಿನದ ಕೆಲಸ ಭಾವ ಇದು! ಗಿಲಾವಿನಲ್ಲಿ ಮುಚ್ಚಿಹೋಗುತ್ತೆ, ಒಂದು ಬೆರಳು ಯಾವ ಲೆಕ್ಕ? ಅಕ್ಕಾ, ನೀನಾದ್ರೂ ಹೇಳೇ!"

"ನನ್ನನ್ನೇನು ಕೇಳ್ತೀಯ? ಮೇಸ್ತ್ರೀನ ಕೇಳು" ಎಂದಳು ಅಕ್ಕ.

ಮೇಸ್ತ್ರಿ ದಾರವನ್ನು ಬೆರಳಿಗೆ ಸುತ್ತಿಕೊಂಡು, ಹೆಂಡತಿಯಿಂದ ಕೋಲು ಇಸಿದುಕೊಂಡು, ಆಗಲೇ ಪಕ್ಕದ ಗೋಡೆಯ ಕಡೆ ಕಾಲೆಳೆಯುತ್ತಿದ್ದ. ಬಾಮೈದ ಎರಡು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಬಗ್ಗಿ ಸುತ್ತಿಗೆ ಎತ್ತಿಕೊಂಡ.

"ಹಾಡ್ತಿದ್ದಾಗ್ಲೇ ವಾಸಿ ಇತ್ತು" ಎಂದು ಗೊಣಗುತ್ತ ಮೊದಲ ಏಟು ಹಾಕಿದ.