ಕತ್ತಲಲ್ಲಿ ಬೆಳೆದದ್ದು

"ಅದನ್ನ ಎಲ್ಲಿಂದ ತಂದಿರಿ, ತಂಗೆವ್ವ?"

ಸುಮಿತ್ರಾಬಾಯಿಯ ಕೈ ಸಾಣೆಕಲ್ಲಿನ ಮೇಲೇ ನಿಂತಿತು. ಕಟ್ಟೆಯ ಮುಂದೆ ಶೇರ್ವಾನಿ ತೊಟ್ಟ ಗಂಡಸು. ಅವನ ಹಿಂದೆ ನಾರಾಯಣಖೇಡದ ಬಾಡಿಗೆ ಬಂಡಿ.

ತೊಡೆಯ ಮೇಲಿದ್ದ ಕೂಸು ವಸಡೆಲ್ಲ ಹುಣ್ಣಾಗಿ ಹಾಲು ಕುಡಿಯುವುದನ್ನೇ ಬಿಟ್ಟಿತ್ತು. ಹಳೆ ಕಟ್ಟಿಗೆಯಲ್ಲಿ ಮೂಡುವ ಅಣಬೆಯನ್ನು ನೀರಲ್ಲಿ ತೇಯ್ದು ಬಾಯಿಗೆ ಸವರುವುದು ಆ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದ ರೂಢಿ. ಸುದ್ದಿ ಕೇಳಿ ಗಂಡ ರೇವಪ್ಪ ಬುತ್ತಿಯ ಖಾಲಿ ಅರಿವೆಯಲ್ಲಿ ಅದನ್ನು ಕಟ್ಟಿ ಕಳಿಸಿದ್ದ. ಗಡಿಯ ಸುಂಕದ ನಾಕಾ ಸುಟ್ಟವರಲ್ಲಿ ಅವನ ಹೆಸರೂ ಸೇರಿದಾಗಿನಿಂದ ಅವನ ವಾಸ ಕಣದ ಹಗೇವಿನಲ್ಲಿ. ಜೋಳ ತುಂಬುತ್ತಿದ್ದ ಆ ನೆಲಗುಂಡಿಗೆ ತೊಲೆ ಹಾಸಿ, ಮಣ್ಣು ಮುಚ್ಚಿ, ಮೇಲೆ ಒಣದಂಟಿನ ಕಣಿಕೆಯ ಬಣವೆ ಒಟ್ಟಿದ್ದರು. ಅಣಬೆ ಆ ತೊಲೆಯದು.

"ಹುಣಸಿ ಮರದ್ದರಿ. ಕೆರಿ ದಂಡಿ ಮ್ಯಾಲಿಂದು," ಅಂದಳು.

"ನಾ ಹಣಮಂತರಾಯ. ಊರು ತಾಂಡೂರ, ಹೈದರಾಬಾದಿನ ಕಾಲೇಜಿನ್ಯಾಗ ಕಲಸ್ತೀನಿ. ಕಟ್ಟಿಗಿ ತಿನ್ನೋ ಅಣಬಿ ಹುಡುಕ್ಕೋತ ಬಂದೀನ್ರಿ. ಹೊಸ ಜಾತಿ ಸಿಕ್ಕರ ಹೆಸರಿಡಬೇಕು."

"ಅಣಬಿಗೂ ಹೆಸರಿಡ್ತಾರ? ತೊಟ್ಟಿಲಾ ಕಟ್ಟತೀರೇನ್ರಿ ಮತ್ತ?"

ಅವನು ಮನಸಾರೆ ನಕ್ಕ. ಅವಳು ನಗಲಿಲ್ಲ. ಬಶೀರಾಬಾದಿನಲ್ಲಿ ಬಳೆಗಾರನೊಬ್ಬ ಮನೆಮನೆ ಹೊಕ್ಕು ಹೋದ ಮರುದಿನವೇ ಪೊಲೀಸರು ಬಂದು ಗಂಡಸರನ್ನು ಎಳೆದೊಯ್ದಿದ್ದರು. ಆ ಬಳೆಗಾರನೂ ಬಲು ನಗೆಗಾರನಂತೆ.

ಕೇಳದೆಯೇ ಕಟ್ಟೆಯ ತುದಿಗೆ ಕೂತು ಅವನು ಪೆಟ್ಟಿಗೆ ತೆರೆದ. ಒಳಗೆ ಅಣಬೆಗಳು, ಒಂದೊಂದರ ಜೊತೆಗೂ ಅದು ಬೆಳೆದ ಮರದ ಚಕ್ಕೆ. ಕೈ ಚಾಚಿದ. ಕೊಡದಿದ್ದರೆ ಅದೇ ಒಂದು ಗುಮಾನಿಯಾದೀತೆಂದು ಕೊಟ್ಟಳು. ಭೂತಗನ್ನಡಿ ಹಿಡಿದು ಅಡಿಯ ಸಣ್ಣ ರಂಧ್ರಗಳನ್ನು ನೋಡುತ್ತ ಅವನ ಮುಖ ಅರಳಿತು.

"ಇಂಥಾದ್ದು ನಾ ಕಂಡೇ ಇಲ್ಲ!"

ಹೊರಳಿಸಿದ, ಮೂಸಿದ. ಅರಳಿದ ಮುಖ ಮೆಲ್ಲಗೆ ಬಿಗಿಯಿತು.

"ಇದು ಮರಕ್ಕ ಹಲಗಿ ಬಡಿದಂಗ ಅಗಲ ಬೆಳೀಬೇಕಿತ್ತು. ಜಿಂಕಿ ಕೋಡಿನಂಗ ಉದ್ದಕ ಕವಲೊಡದದ. ಮೈಮ್ಯಾಲೆ ಬಣ್ಣ ಇಲ್ಲ. ಬೆಳಕು ಕಾಣದ ಜಾಗಾದಾಗ ಹಿಂಗ ಆಗ್ತದ."

"ಪೊಟರ್ಯಾಗ ಇತ್ರಿ," ಅಂದಳು ಸುಮಿತ್ರಾಬಾಯಿ. ಕೂಸನ್ನು ಎದೆಗೆ ಅವಚಿಕೊಂಡಳು.

ಅಣಬೆಯ ಬುಡಕ್ಕೆ ಅಂಟಿದ್ದ ಚಕ್ಕೆಯನ್ನು ಅವನು ಉಗುರಿನಿಂದ ಒತ್ತಿದ. ಅದು ಚೌಕಚೌಕವಾಗಿ ಬಿರಿದು ಕಂದು ಪುಡಿಯಾಯಿತು. ಉಳಿದ ಅಂಚಿನ ಮೇಲೆ ಗರಗಸದ ಗೆರೆ. ಅದನ್ನು ಅವನು ನೋಡಿದ್ದನ್ನು ಅವಳೂ ನೋಡಿದಳು. ಅವನ ದನಿ ಇಳಿಯಿತು.

"ಈ ಕಟ್ಟಿಗಿ ಹೊರಗ ಗಟ್ಟಿ ಕಾಣ್ತದ, ತಂಗೆವ್ವ. ಒಳಗ ಏನೂ ಉಳಿದಿಲ್ಲ. ಮ್ಯಾಲೆ ಭಾರ ಹೇರಬ್ಯಾಡ್ರಿ. ಕೆಳಗ ಯಾರೂ ಇರಬಾರ್ದು."

ಹೊಲದಾಚೆ ಕಣದಲ್ಲಿ ಮೈದುನ ಮಾಣಿಕಪ್ಪ ಬಂಡಿಯಿಂದ ಕಣಿಕೆ ಸಿವುಡು ಎತ್ತೆತ್ತಿ ಬಣವೆಗೆ ಎಸೆಯುತ್ತಿದ್ದ. ಈಗ ಓಡಿದರೆ? ಹೆದರಿಸಿ ಓಡಿಸಿ, ತನ್ನ ಕಾಲು ಯಾವ ಕಡೆ ಹೋಗುತ್ತದೆಂದು ನೋಡಲಿಕ್ಕೇ ಇವನು ಈ ಮಾತು ಆಡಿದ್ದರೆ?

"ಹುಣಸಿ ಮರದ ಕೆಳಗ ಯಾರಿರ್ತಾರ್ರಿ," ಅಂದಳು.

ಅವನು ಅಣಬೆಯನ್ನು ಸಾಣೆಕಲ್ಲಿನ ಮೇಲಿಟ್ಟು ಪೆಟ್ಟಿಗೆ ಮುಚ್ಚಿದ.

"ಒಯ್ಯಂಗಿಲ್ರಿ?"

"ಎಲ್ಲಿ ಬೆಳದದ್ದು ಅಂತ ಬರೀದೆ ಹೆಸರಿಡಾಕ ಬರಂಗಿಲ್ಲ. ಇದಕ್ಕ ನಾ ಬರಿಯಂಗಿಲ್ಲ." ಕೂಸಿನ ಅಂಗಾಲನ್ನು ಒಂದು ಬೆರಳಿನಿಂದ ಮುಟ್ಟಿ ಎದ್ದುಹೋದ.

ಬಂಡಿ ಹೊರಟಿತು. ಮರೆಯಾಗಲಿ ಎಂದು ಅವಳು ಕಾದಳು. ತಿರುವಿನಲ್ಲಿ ಅದು ನಿಂತುಬಿಟ್ಟಿತು. ಕಣದಲ್ಲಿ ಮತ್ತೊಂದು ಸಿವುಡು ಬಿತ್ತು, ಅದರ ಮೇಲೆ ಇನ್ನೊಂದು. ಮಾಣಿಕಪ್ಪ ತುಳಿದು ಗಟ್ಟಿ ಮಾಡಲೆಂದು ಬಣವೆ ಏರತೊಡಗಿದ.

ಸುಮಿತ್ರಾಬಾಯಿ ಕೂಸನ್ನು ಸೊಂಟಕ್ಕೇರಿಸಿ ಬಟ್ಟಬಯಲಲ್ಲೇ ಓಡಿದಳು. "ಇಳಿಯೋ! ಇಳಿ ಕೆಳಗ!"

"ಯಾಕ ವೈನಿ, ಹಾವೇನರ ಬಂತಾ?" ಎಂದು ನಗುತ್ತ ಬಗ್ಗಿದವನು ಅವಳ ಮುಖ ಕಂಡು ಜಾರಿ ಇಳಿದ. ಕೂಸನ್ನು ಅತ್ತ ಮಲಗಿಸಿ ಇಬ್ಬರೂ ಕೂಡಿ ಸಿವುಡು ಎಳೆದೆಳೆದು ಹಾಕಿದರು. ಒಳಗಿನಿಂದ ಮೊದಲು ಕೆಮ್ಮು ಕೇಳಿತು. ಆಮೇಲೆ ರೇವಪ್ಪನ ಕೈ, ತಲೆ. ರೆಪ್ಪೆಯ ಮೇಲೆಲ್ಲ ಕಂದು ಪುಡಿ. ಅವನ ಕಾಲು ಹೊರಬಿದ್ದ ಮೇಲೆ ಕೆಳಗೆ ಏನೋ ಮೆತ್ತಗೆ ಮುರಿಯಿತು. ನಿಂತಿದ್ದ ಬಣವೆ ನಡುವಿಗೆ ಕುಸಿಯಿತು.

ಆಗ ಅವಳು ತಿರುವಿನ ಕಡೆ ನೋಡಿದಳು. ಬಂಡಿ ದಾರಿಗೆ ಅಡ್ಡಲಾಗಿ ನಿಂತಿತ್ತು. ಹಣಮಂತರಾಯ ಇತ್ತ ಬೆನ್ನು ಮಾಡಿ, ನೆಟ್ಟಗೇ ಇದ್ದ ಚಕ್ರವನ್ನು ರಿಪೇರಿ ಮಾಡುವವನಂತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಆಚೆ ಕಂಗ್ಟಿಯ ದಾರಿಯಲ್ಲಿ ಪೊಲೀಸರ ಲಾರಿಯ ಧೂಳು ಏಳುತ್ತಿತ್ತು.